ಬಾಲವಿಲ್ಲದ ಪ್ರಶ್ನೆ

ಹಿಬಾರಾ ಎಂಬ ಕಡಲ ತೀರದ ಊರಿನಲ್ಲಿ ಒನೇಲಿಯಾಳ ಹತ್ತಿರ ಬಟ್ಟೆ ಹೊಲಿಸಿಕೊಂಡವರಿಗೆ ಬುದ್ಧಿಮಾತು ಪುಕ್ಕಟೆ. ಸೊಂಟದ ಅಳತೆ ತೆಗೆಯುತ್ತಲೇ "ಗಂಡನ್ನ ಸ್ವಲ್ಪ ಹದ್ದುಬಸ್ತಲ್ಲಿ ಇಡಮ್ಮಾ" ಅನ್ನುವಳು. ಗುಂಡಿ ಹಚ್ಚುತ್ತ "ಆ ಬಾಡಿಗೆಯವರನ್ನ ಮೊದ್ಲು ಓಡ್ಸು" ಅನ್ನುವಳು. ಅದೇನು ಬಾಯಿಯೋ! ಹಾಗಂತ ಕೆಟ್ಟ ಹೆಂಗಸಲ್ಲ. ಊರವರ ಕಷ್ಟ ಕೇಳಿದರೆ ಅವಳ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ.

ಇಂಥವಳು ಕ್ವೇಕರರೆಂಬ ಕ್ರೈಸ್ತ ಪಂಥದವರ ಸಭೆಯಲ್ಲಿ ನಡೆಯುವ ದೊಡ್ಡವರ ತರಗತಿಗೆ ಸೇರಿದಾಗ ಬೀದಿಯವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಯಾಕೆಂದರೆ ನಿವೃತ್ತ ಶಾಲಾ ಮೇಡಂ ದೊಮಿತಿಲಾ ಆ ವರ್ಷ ಅಲ್ಲಿ ಕಲಿಸುತ್ತಿದ್ದದ್ದೇ ಕೇಳಿಸಿಕೊಳ್ಳುವುದನ್ನು. ಸಭೆಯಲ್ಲಿ ಯಾರಾದರೂ ದಾರಿ ಕಾಣದೆ ನಿಂತರೆ, ಅವರು ಕರೆದ ಕೆಲವರು ಸುತ್ತ ಕೂರುತ್ತಾರೆ. ಬುದ್ಧಿ ಹೇಳುವಂತಿಲ್ಲ, ತಮ್ಮ ಪುರಾಣ ಬಿಚ್ಚುವಂತಿಲ್ಲ. ಪ್ರಶ್ನೆ ಮಾತ್ರ ಕೇಳಬೇಕು, ಅದೂ ಉತ್ತರ ತಮಗೇ ಗೊತ್ತಿರದ ಪ್ರಶ್ನೆ. ಮಿಕ್ಕಿದ್ದೆಲ್ಲ ಮೌನ. ದೇವರ ಬೆಳಕು ಪ್ರತಿಯೊಬ್ಬರ ಒಳಗೂ ಇದೆ, ಅದಕ್ಕೆ ಅಡ್ಡ ನಿಲ್ಲದಿದ್ದರೆ ಸಾಕು ಅನ್ನುವುದು ಅವರ ನಂಬಿಕೆ.

ಅಭ್ಯಾಸಕ್ಕೆಂದು ಬೇಕರಿಯ ಬಾಸಿಲಿಯೊ ನಡುವೆ ಕೂತ. ಬೇಕರಿ ಕೆಲಸ ಬಿಡಲೋ ಬೇಡವೋ ಅನ್ನುವುದು ಅವನ ಚಿಂತೆ.

"ಬಾಸಿಲಿಯೊ, ಆ ಹಾಳು ಒಲೆ ಬಿಟ್ರೆ ನಿನ್ ಬೆನ್ನುನೋವು ತಾನಾಗೇ ಹೋಗಲ್ವಾ?" ಎಂದು ಕೇಳಿದಳು ಒನೇಲಿಯಾ.

"ಇದು ಪ್ರಶ್ನೆ ಅಲ್ಲ ಕಣೇ," ದೊಮಿತಿಲಾ ಅಂಗೈ ಎತ್ತಿದಳು. "ಬುದ್ಧಿಮಾತಿಗೆ ಒಂದು ಬಾಲ ಅಂಟಿಸಿದೀಯ, ಅಷ್ಟೇ."

"ಉತ್ತರ ಗೊತ್ತಿಲ್ದೆ ಯಾರಾದ್ರೂ ಪ್ರಶ್ನೆ ಕೇಳ್ತಾರಾ? ನಂಗೇನು ತಲೆ ಕೆಟ್ಟಿದ್ಯಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ಆ ಮಾತು ಒನೇಲಿಯಾಳ ತಲೆಯಲ್ಲಿ ಹುಳದಂತೆ ಕೊರೆಯತೊಡಗಿತು. ಗೊತ್ತಿಲ್ಲದೆ ಕೇಳುವುದೆಂದರೆ ಹೇಗಿರುತ್ತದೆ? ಸೊಪ್ಪು ಮಾರುವವಳ ಮೇಲೆ, ಅಂಚೆಯವನ ಮೇಲೆ ಪ್ರಯತ್ನಿಸಿ ನೋಡಿದಳು. ಪ್ರತಿ ಸಲವೂ ಬಾಲ ಬಂದೇ ಬರುತ್ತಿತ್ತು.

ಅಷ್ಟರಲ್ಲಿ ಮನೆಯೊಳಗೇ ಸಿಡಿಲು ಬಿತ್ತು. ಜೋಯ್ಲಾ ಅವಳ ತೀರಿಹೋದ ಅಣ್ಣನ ಹೆಂಡತಿ. ಅವನು ಹೋದಾಗಿನಿಂದ ಇಬ್ಬರಿಗೂ ಒಂದೇ ಸೂರು, ಒಂದೇ ಕಾಫಿ ಪಾತ್ರೆ. ಆ ಜೋಯ್ಲಾಳನ್ನು ಕೊಲ್ಲಿಯ ಆಚೆ ದಡದ ಮೀನುಗಾರ ಎವೆಲಿಯೊ ಮದುವೆಯಾಗೆಂದು ಕೇಳಿದ್ದ. ಅವನು ಸಭೆಯವನಲ್ಲ, ಸಾಲದ್ದಕ್ಕೆ ಜೂಜಿಗೆ ಹುಂಜ ಸಾಕಿದವನು! ಏನು ಮಾಡಬೇಕೆಂದು ತೋಚದೆ ಜೋಯ್ಲಾ ತನಗೂ ಅಂಥ ಪ್ರಶ್ನೆಗಳ ಕೂಟ ಬೇಕೆಂದಳು. ದೊಮಿತಿಲಾ, ಬಾಸಿಲಿಯೊ ಬರಲಿ, ಒನೇಲಿಯಾಳೂ ಬರಲಿ ಅಂದಳು.

"ನಾನ್ಯಾಕೆ? ನಂಗೆ ಈ ಮದ್ವೆ ಸುತರಾಂ ಬೇಡ ಅಂತ ಗೊತ್ತಲ್ವಾ ನಿಂಗೆ?"

"ಗೊತ್ತು. ಅದಕ್ಕೇ ನೀನಿರ್ಬೇಕು."

ಒನೇಲಿಯಾ ಲೆಕ್ಕ ಹಾಕಿದಳು. ಇವಳು ಹೋದರೆ ಆ ಮನೆಯಲ್ಲಿ ತಾನೊಬ್ಬಳೇ ಗೋಡೆ ನೋಡಿಕೊಂಡು ಕೂರಬೇಕು. ಹೇಗಾದರೂ ಇದನ್ನು ತಪ್ಪಿಸಬೇಕೆಂದೇ ಹೊರಟಳು.

ದೊಮಿತಿಲಾಳ ನಡುಮನೆಯಲ್ಲಿ ಮಧ್ಯಾಹ್ನ ಕೂತರು. ಕರೆಂಟು ಹೋಗಿತ್ತು, ಫ್ಯಾನು ನಿಂತಿತ್ತು, ಕಿಟಕಿಯ ಹಳದಿ ಪರದೆ ಅಲುಗಾಡುತ್ತಿರಲಿಲ್ಲ. ಮೌನದ ನಂತರ ದೊಮಿತಿಲಾ ಒಂದು ಕೇಳಿದಳು, ಬಾಸಿಲಿಯೊ ಒಂದು ಕೇಳಿದ. ಜೋಯ್ಲಾ "ಗೊತ್ತಾಗ್ತಿಲ್ಲ" ಅನ್ನುತ್ತ ಬೆರಳು ಹಿಸುಕಿಕೊಂಡಳು.

"ಹುಂಜದ ಮೇಲೆ ದುಡ್ಡು ಕಟ್ಟೋನ ಜೊತೆ ಯಾವಳು ಸುಖವಾಗಿದ್ದಾಳೆ?" ಒನೇಲಿಯಾ ಸಿಡಿದಳು.

ದೊಮಿತಿಲಾಳ ಅಂಗೈ ಮೇಲೆದ್ದಿತು. "ಬಾಲ."

ಒನೇಲಿಯಾ ಮುಖ ಊದಿಸಿಕೊಂಡು ಕೂತಳು. ಮಾಡಲು ಬೇರೇನೂ ಇಲ್ಲದೆ ಜೋಯ್ಲಾಳನ್ನೇ ನೋಡಿದಳು. ಮೈಮೇಲೆ ಕಂದು ಬಣ್ಣದ ಲಂಗ, ಕಂದು ರವಿಕೆ. ಎರಡೂ ತಾನೇ ಹೊಲಿದದ್ದು. ಅದಕ್ಕೆ ಮೊದಲಿನದೂ ಕಂದು, ಅದರ ಹಿಂದಿನದೂ ಕಂದು. ವಿಧವೆಗೆ ಒಪ್ಪುತ್ತದೆ, ಕೊಳೆ ಕಾಣುವುದಿಲ್ಲ ಎಂದು ತಾನೇ ಆರಿಸಿದ ಬಟ್ಟೆಗಳು. ಇವಳು ಒಂದು ದಿನವೂ ಬೇಡ ಅಂದಿರಲಿಲ್ಲ. ಬೇಕು ಅಂದಿದ್ದಳೇ? ಒನೇಲಿಯಾ ಎಷ್ಟು ತಡಕಾಡಿದರೂ ನೆನಪಾಗಲಿಲ್ಲ.

"ಜೋಯ್ಲಾ," ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು, "ನಿಂಗೆ ಯಾವ ಬಣ್ಣ ಇಷ್ಟ?"

ಬಾಸಿಲಿಯೊ ಇದೇನು ತಮಾಷೆ ಅನ್ನುವಂತೆ ನೋಡಿದ. ದೊಮಿತಿಲಾಳ ಕೈ ಮಡಿಲಲ್ಲೇ ಉಳಿಯಿತು.

ಜೋಯ್ಲಾಳ ಕಣ್ಣು ತುಂಬಿತು. "ಹಳದಿ," ಅಂದಳು. ಕಣ್ಣೊರೆಸಿಕೊಂಡು, "ಎವೆಲಿಯೊ ಮೊದಲ್ನೇ ದಿನಾನೇ ಕೇಳಿದ್ದ" ಎಂದಳು. ಹಾಗೆಂದವಳು ತನ್ನ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ತಲೆ ಎತ್ತಿದಳು. ಅವಳ ಬೆರಳುಗಳು ಹಿಸುಕಾಟ ನಿಲ್ಲಿಸಿದ್ದವು. ಆಮೇಲೆ ಯಾರೂ ಏನೂ ಕೇಳಬೇಕಾಗಲಿಲ್ಲ.

ಮದುವೆಗೆ ಹಳದಿ ಬಟ್ಟೆ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ದೊಮಿತಿಲಾ ತನ್ನ ಕಿಟಕಿಯ ಪರದೆಯನ್ನೇ ಬಿಚ್ಚಿ ಕೊಟ್ಟಳು. ಒನೇಲಿಯಾ ಕತ್ತರಿ ಹಿಡಿದು "ತೋಳು ಉದ್ದ ಇರ್ಲಾ, ಗಿಡ್ಡ ಇರ್ಲಾ?" ಎಂದಳು. ಜೋಯ್ಲಾ ತೋಳೇ ಬೇಡ ಅಂದಳು. ಈ ವಯಸ್ಸಿನಲ್ಲಿ ತೋಳಿಲ್ಲದ ಅಂಗಿಯೇ! ಒನೇಲಿಯಾಳ ನಾಲಿಗೆ ತುದಿಗೆ ಬಂದ ಮಾತು ಕಷ್ಟಪಟ್ಟು ವಾಪಸು ಹೋಯಿತು.

ಅಂಚು ಮಡಿಸುತ್ತ, ತಲೆ ಎತ್ತದೆ ಕೇಳಿದಳು: "ನೀನು ಹೋದ್ಮೇಲೆ ನಾನೇನ್ ಮಾಡ್ಲಿ?"

ಜೋಯ್ಲಾ ಅವಳ ಮುಖ ನೋಡಿದಳು. ಬಾಲಕ್ಕಾಗಿ ಹುಡುಕಿದಳೋ ಏನೋ; ಅಲ್ಲಿ ಇರಲಿಲ್ಲ.

"ಗೊತ್ತಿಲ್ಲ ಕಣೇ," ಎನ್ನುತ್ತ ಹಳದಿ ಬಟ್ಟೆಯ ಇನ್ನೊಂದು ತುದಿ ಹಿಡಿದು ಪಕ್ಕದಲ್ಲಿ ಕೂತಳು.