ನಮ್ಮ ಬ್ಯಾಚಿನ ಭಾವ

ಅವರ ಬಲಗೈ ನಡುಬೆರಳಿನ ಗಿಣ್ಣು ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಹೊಳೆನರಸೀಪುರದ ಪೇಟೆಯಲ್ಲಿ ಅವರದು ಪಾತ್ರೆ ಅಂಗಡಿ. ಹಿತ್ತಾಳೆ ಕೊಳಗ, ತಾಮ್ರದ ಹಂಡೆಗಳನ್ನು ದಿನವೂ ಬೆರಳಿನಿಂದ ಕುಟ್ಟಿ ಕುಟ್ಟಿ ಆ ಗಿಣ್ಣು ಹಾಗಾಗಿತ್ತು. ಕುಟ್ಟಿದ ಮೇಲೆ ತಲೆಯನ್ನು ಒಂದು ಕಡೆಗೆ ವಾಲಿಸಿ ಸದ್ದು ಪೂರ್ತಿ ಅಡಗುವವರೆಗೂ ಕಾಯುತ್ತಿದ್ದರು. ಅಂಗಡಿಯ ಹೊರಗೂ ಈ ಚಾಳಿ ಬಿಟ್ಟಿರಲಿಲ್ಲ. ಯಾರ ಮನೆಗೆ ಹೋದರೂ ಬಾಗಿಲ ಚೌಕಟ್ಟೋ, ಬೆಂಚೋ, ಮೂಲೆಯಲ್ಲಿಟ್ಟ ಕುಂಬಳಕಾಯಿಯೋ, ಕೈಗೆ ಸಿಕ್ಕಿದ್ದನ್ನು ಒಂದು ಸಲ ಕುಟ್ಟಿ ನೋಡಲೇಬೇಕು. ಯಾಕೆ ಎಂದರೆ, "ಕೇಳಿದ್ರೆ ತಾನೆ ಗೊತ್ತಾಗೋದು" ಎನ್ನುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಅರಕಲಗೂಡಿನಲ್ಲಿ, ನಮ್ಮ ಹಿಟ್ಟಿನ ಗಿರಣಿಯಲ್ಲಿ. ಯುಗಾದಿ ಆಗಿತ್ತು. ರಾಗಿಯ ಧೂಳಿನಲ್ಲಿ ರೆಪ್ಪೆಯೆಲ್ಲ ಬೂದಿಯ ಬಣ್ಣವಾಗಿ ನಾನು ಯಂತ್ರದ ಪಕ್ಕ ನಿಂತಿದ್ದೆ. ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡಿದ್ದ ಒಬ್ಬರು ಬಾಗಿಲಲ್ಲಿ ನಿಂತು ಕೂಗಿ ಕೇಳಿದರು.

"ಅಮ್ಮಾ, ಹೊಳೆನರ್ಸೀಪುರ ಹೈಸ್ಕೂಲಿನ ಕುಳ್ಳಿ ಜಯ ಅಂದ್ರೆ ನೀವೇನಾ?"

ನನ್ನ ಗಂಡ ಮೋಟಾರು ನಿಲ್ಲಿಸಿಬಿಟ್ಟರು. ನಮ್ಮ ಕ್ಲಾಸಿನಲ್ಲಿ ಇಬ್ಬರು ಜಯಲಕ್ಷ್ಮಿಯರಿದ್ದದ್ದರಿಂದ ನನಗೆ ಆ ಹೆಸರು ಬಂದಿತ್ತು. ಮದುವೆಯಾಗಿ ಅರಕಲಗೂಡಿಗೆ ಬಂದ ಮೇಲೆ ಯಾರ ಬಾಯಲ್ಲೂ ಅದನ್ನು ಕೇಳಿರಲಿಲ್ಲ. ಇಲ್ಲಿ ನಾನು ಗಿರಣಿಯಮ್ಮ, ಇಲ್ಲವೇ ಮಗನ ಹೆಸರು ಹಿಡಿದು ಅವನ ಅಮ್ಮ.

ಬಂದವರು ವಿಷಯ ಹೇಳಿದರು. ನಮ್ಮ ಹೈಸ್ಕೂಲಿಗೆ ಹಳೇ ವಿದ್ಯಾರ್ಥಿಗಳ ಸಂಘ ಆಗಿದೆ. ಅದರ ಮೊದಲ ಸಮಾವೇಶ ಸಂಕ್ರಾಂತಿ ಹೊತ್ತಿಗೆ ನಡೆಯಿತು. ವೇದಿಕೆಗೆ ಕರೆಸಿದ್ದ ನಮ್ಮ ಹಿಂದಿ ಟೀಚರು ಸಭೆಯನ್ನು ಒಮ್ಮೆ ನೋಡಿ, ಬರೀ ಗಂಡಸರೇ ಕೂತಿದ್ದೀರಲ್ಲ, ನನ್ನ ಹೆಣ್ಣುಮಕ್ಕಳೆಲ್ಲಿ ಎಂದರಂತೆ. ಮದುವೆಯಾಗಿ ಎಲ್ಲೆಲ್ಲೋ ಹೋದವರನ್ನು ಎಲ್ಲಿಂದ ಹುಡುಕೋಣ ಎಂದು ಗಂಡಸರು ತಲೆ ಕೆರೆದುಕೊಂಡರು. ಇವರು ಹಿಂದಿನ ಸಾಲಿನಿಂದ ಎದ್ದು, ನಾನು ಹುಡುಕುತ್ತೇನೆ ಎಂದರಂತೆ.

ಅಷ್ಟು ಹೇಳಿ ಹೋಗಬಹುದಿತ್ತು, ಹೋಗಲಿಲ್ಲ. ರಾಗಿ ಮೂಟೆಯ ಮೇಲೆ ಕೂತು ಪ್ರಶ್ನೆ ಶುರು ಮಾಡಿದರು. ಊಟದ ಹೊತ್ತಿಗೆ ಹುಡುಗಿಯರು ಎಲ್ಲಿ ಕೂರುತ್ತಿದ್ದಿರಿ? ಮಳೆ ಬಂದರೆ? ಯಾರ ಪಕ್ಕ ಯಾರು? ಜಗಳ ಯಾರ್ಯಾರಿಗೆ? ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ಗಂಗಾಂಬಿಕೆ ಅಂತ ಒಬ್ರಿದ್ರಂತಲ್ಲ, ಅವ್ರು ಹೆಂಗಿದ್ರು?" ಎಂದರು.

"ಗಂಗೀನಾ? ಇದ್ಲು. ಮಾತು ಕಮ್ಮಿ. ಕಿಟಕಿ ಪಕ್ಕ ಕೂರ್ತಿದ್ಲು."

"ಅಷ್ಟೇಯಾ?" ಎಂದು ಸ್ವಲ್ಪ ಹೊತ್ತು ಕಾದು ಹೊರಟರು. ನನ್ನ ಗಂಡ, "ಇವ್ರ್ಯಾಕೆ ಪೊಲೀಸ್ನೋರ ತರ ಕೇಳ್ತಾರೆ?" ಎಂದರು. ನನಗೂ ಅದೇ ಕುತೂಹಲ ಹತ್ತಿಕೊಂಡಿತು.

ಆ ಕುತೂಹಲಕ್ಕೇ ನಾನು ಅವರ ಜೊತೆ ಹುಡುಕಾಟಕ್ಕೆ ಹೊರಟೆ ಎಂದರೆ ತಪ್ಪಲ್ಲ. ಐವತ್ತು ದಾಟಿದ ಗಂಡಸೊಬ್ಬರು ಊರೂರಿಗೆ ಹೋಗಿ ಇಂಥ ಹೆಂಗಸು ಎಲ್ಲಿದ್ದಾಳೆ ಎಂದು ಕೇಳಿದರೆ ಜನ ಒಂದು ಥರಾ ನೋಡುತ್ತಾರೆ. ಜೊತೆಗೆ ಒಬ್ಬಳು ಹೆಂಗಸಿದ್ದರೆ ಮಜ್ಜಿಗೆ ಕೊಟ್ಟು ಕೂರಿಸುತ್ತಾರೆ. ಬಿಡುವಾದ ಭಾನುವಾರಗಳಲ್ಲಿ ಅವರ ಹಳೇ ವ್ಯಾನಿನಲ್ಲಿ ಹೋಗುತ್ತಿದ್ದೆವು. ಹರದನಹಳ್ಳಿಯಲ್ಲಿ ಒಬ್ಬಳು ಸಿಕ್ಕಳು. ಅವಳಿಂದ ಚನ್ನರಾಯಪಟ್ಟಣದ ಇಬ್ಬರ ವಿಳಾಸ ಸಿಕ್ಕಿತು. ಒಬ್ಬಳು ಬ್ಯೂಟಿ ಪಾರ್ಲರ್ ಇಟ್ಟಿದ್ದಳು, ನನ್ನ ಹುಬ್ಬು ನೋಡಿ ಮೊದಲು ಬೈದು ಆಮೇಲೆ ಅಪ್ಪಿಕೊಂಡಳು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಳುತ್ತಾ ನಗುತ್ತಾ ಇದ್ದರೆ ಅವರು ಮೂಲೆಯಲ್ಲಿ ಕೂತು ತಲೆ ವಾಲಿಸಿಕೊಂಡು ಕೇಳುತ್ತಿದ್ದರು. ಒಂದು ಮಾತ್ರ ನಾನು ಗಮನಿಸಿದ್ದೆ. 'ನಾಗ' ಎಂದು ಶುರುವಾಗುವ ಯಾವ ಹೆಸರು ಬಂದರೂ ಅವರ ಬೆನ್ನು ನೆಟ್ಟಗಾಗುತ್ತಿತ್ತು. ನಮ್ಮ ಕ್ಲಾಸಿನಲ್ಲಿ ನಾಗವೇಣಿ, ನಾಗಮಣಿ, ನಾಗರತ್ನ ಎಂದು ಮೂವರಿದ್ದರು.

ಹಳೇಕೋಟೆಯಲ್ಲಿ ನಾಗವೇಣಿ ಇದ್ದಾಳೆ ಎಂದು ಗೊತ್ತಾದ ವಾರ ನನಗೆ ಬಿಡುವಿರಲಿಲ್ಲ. ತಡೆಯಲಾರದೆ ಅವರೊಬ್ಬರೇ ಹೋದರು. ಅವಳ ಮೈದುನ ಜಗಲಿಯಲ್ಲೇ ತಡೆದು ನಿಲ್ಲಿಸಿದನಂತೆ. "ನಮ್ಮತ್ಗೆ ಸ್ಕೂಲಲ್ಲಿ ಯಾರ ಜೊತೆ ಕೂತ್ಕಂಡಿದ್ರು ಅನ್ನೋದು ನಿಮಗ್ಯಾಕ್ರೀ? ನೀವ್ಯಾರು ಕೇಳಕ್ಕೆ?" ಎಂದು ಕೂಗಾಡಿದ. ಸಂಘದ ಅಧ್ಯಕ್ಷರಿಗೆ ಫೋನೂ ಹೋಯಿತು.

ಅಧ್ಯಕ್ಷರು ಹಾಸನದಲ್ಲಿ ವಕೀಲರು. ಅವರ ಮನೆಯಲ್ಲಿ ಕಮಿಟಿ ಸೇರಿತು. ನನ್ನನ್ನೂ ಕರೆದಿದ್ದರು. ಪಾತ್ರೆ ಅಂಗಡಿಯವರು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ಅಧ್ಯಕ್ಷರು ಮೃದುವಾಗಿಯೇ ಶುರು ಮಾಡಿದರು.

"ತಪ್ಪು ತಿಳ್ಕೋಬೇಡಿ. ಸಂಘದ ಹೆಸರು ಹಾಳಾಗಬಾರದು, ಅದಕ್ಕೆ ಕೇಳ್ತಿದೀನಿ. ಅಂದಹಾಗೆ, ನೀವು ಯಾವ ಬ್ಯಾಚು?"

ಆಗ ಎಲ್ಲರೂ ಮುಖ ಮುಖ ನೋಡಿಕೊಂಡರು. ನಮ್ಮ ಬ್ಯಾಚಿನವರು ಇವರನ್ನು ಸೀನಿಯರ್ ಎಂದುಕೊಂಡಿದ್ದರು, ಸೀನಿಯರುಗಳು ಜೂನಿಯರ್ ಎಂದುಕೊಂಡಿದ್ದರು. ಅವರ ಅಂಗಡಿಯ ಮಹಡಿ ಮೇಲೆ ಮೀಟಿಂಗು ನಡೆಯುತ್ತಿತ್ತು, ಅವರ ಕಾಫಿ ಕುಡಿಯುತ್ತಿದ್ದರು. ಯಾವ ವರ್ಷ ಓದಿದಿರಿ ಎಂದು ಯಾರೂ ಕೇಳಿರಲಿಲ್ಲ.

"ನಾನು ಯಾವ ಬ್ಯಾಚೂ ಅಲ್ಲ ಸಾ," ಎಂದರು ಅವರು. "ನಾನು ಓದಿದ್ದು ಚನ್ರಾಯಪಟ್ಣದಲ್ಲಿ. ಅದೂ ಏಳ್ನೇ ಕ್ಲಾಸು. ನಿಮ್ಮ ಸ್ಕೂಲಲ್ಲಿ ಓದಿದ್ದು ನಮ್ಮನೇವ್ರು. ಗಂಗಾಂಬಿಕೆ."

ಗಂಗಿ ತೀರಿಕೊಂಡು ಎರಡು ವರ್ಷ ಆಗಿತ್ತು. ನನಗೆ ಗೊತ್ತಾದದ್ದು ಆ ಕೋಣೆಯಲ್ಲಿ, ಅವರ ಬಾಯಿಂದ.

"ಕಡೇಲಿ ಇಲ್ಲೇ ಹಾಸನದ ಆಸ್ಪತ್ರೇಲಿ ಇಟ್ಕೊಂಡಿದ್ದೆ. ಜ್ವರ ಏರಿ ಮಂಪರಲ್ಲಿರೋಳು. ಒಂದಿನ ಕಣ್ಣು ಮುಚ್ಕೊಂಡೇ 'ಹೊಡೀತೀನಿ ಇರೇ ನಾಗಿ, ಹೊಡೀತೀನಿ' ಅಂತ ನಗಕ್ಕೆ ಶುರು ಮಾಡುದ್ಲು. ಅಂಗಿಂಗೆ ಅಲ್ಲ ಸಾ, ಹೊಟ್ಟೆ ಹಿಡ್ಕೊಂಡು ನಗೋದು. ನರ್ಸೂ ನಗಾಡುದ್ರು. ಎಚ್ಚರ ಆದಾಗ ಕೇಳ್ದೆ, ನಾಗಿ ಯಾರು, ಯಾರ್ಗೆ ಹೊಡೀತಿದ್ದೆ ಅಂತ. 'ಸ್ಕೂಲಿಂದು, ನಿಮಗೆ ಗೊತ್ತಿಲ್ಲ ಬಿಡಿ' ಅಂದ್ಲು. ಆಮೇಲೆ ಮಾತಾಡ್ಲಿಲ್ಲ." ಅವರು ಕುರ್ಚಿಯ ಕೈಯನ್ನು ಹಿಡಿದುಕೊಂಡರು. "ಅಷ್ಟು ವರ್ಷ ಸಂಸಾರ ಮಾಡಿದ್ರೂ ಅವ್ಳು ಅಂಗೆ ನಗೋದು ನಾನು ಕಂಡಿರ್ನಿಲ್ಲ. ಯಾತಕ್ಕೆ ನಕ್ಳು ಅಂತ ತಿಳ್ಕಬೇಕು, ಅಷ್ಟೇಯ. ಬೇಡ ಅಂದ್ರೆ ನಿಲ್ಸ್ತೀನಿ."

ಕಮಿಟಿಯ ಒಬ್ಬರು, ಅದೆಲ್ಲ ಸರಿ, ಆದರೆ ಬೈಲಾ ಪ್ರಕಾರ ಹೊರಗಿನವರು ಸದಸ್ಯರಾಗುವ ಹಾಗಿಲ್ಲ ಎಂದರು. ನನಗೆ ಎಲ್ಲಿಂದ ಧೈರ್ಯ ಬಂತೋ, ಎದ್ದು ನಿಂತೆ.

"ನಮ್ಮ ಕ್ಲಾಸಿನ ಹುಡುಗಿ ಗಂಡ ಅಂದ್ರೆ ನಮಗೆ ಭಾವ. ಭಾವನ್ನ ಹೊರಗಿನೋರು ಅಂದ್ರೆ ನಾವೂ ಹೊರಗಿನೋರೇ. ಅವರು ಹುಡುಕಿರೋ ಒಬ್ಬ ಹೆಂಗಸೂ ನಿಮ್ಮ ಸಮಾವೇಶಕ್ಕೆ ಬರಲ್ಲ."

ವಕೀಲರು ನನ್ನನ್ನೇ ನೋಡಿದರು. ಆಮೇಲೆ ನಕ್ಕು, "ಬೈಲಾದಲ್ಲಿ ಭಾವನ ವಿಷಯ ಬರ್ದಿಲ್ಲ. ಮುಂದುವರಿಸಿ ಭಾವ" ಎಂದರು. ಅಂದಿನಿಂದ ಅಧ್ಯಕ್ಷರಿಂದ ಹಿಡಿದು ಎಲ್ಲರಿಗೂ ಅವರು ಭಾವನೇ.

ಹಳೇಕೋಟೆಯ ನಾಗವೇಣಿಯ ಹತ್ತಿರ ಮತ್ತೆ ನಾನೇ ಹೋಗಿ ಮಾತಾಡಿದೆ. ಅವಳಿಗೆ ಏನೂ ಗೊತ್ತಿರಲಿಲ್ಲ. ಚನ್ನರಾಯಪಟ್ಟಣದ ನಾಗಮಣಿಗೂ ಗೊತ್ತಿರಲಿಲ್ಲ. ಶ್ರಾವಣದ ಒಂದು ಮಧ್ಯಾಹ್ನ ದೊಡ್ಡಗದ್ದವಳ್ಳಿಗೆ ಹೋದೆವು. ನಾಗರತ್ನ ಅಂಗಳದಲ್ಲಿ ಕಾಲು ಚಾಚಿ ಕೂತು ಆಲೂಗಡ್ಡೆ ಆರಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಗಂಟಲು ಮಾತ್ರ ಹಳೆಯದೇ. ಗಂಗಿ ಇಲ್ಲ ಎಂದು ಕೇಳಿ ಕೈಯಲ್ಲಿದ್ದ ಆಲೂಗಡ್ಡೆಯನ್ನು ಮಡಿಲಲ್ಲಿಟ್ಟುಕೊಂಡಳು. ಭಾವ ಆಸ್ಪತ್ರೆಯ ಮಾತನ್ನು ಹೇಳಿದರು. 'ಹೊಡೀತೀನಿ ಇರೇ ನಾಗಿ' ಎನ್ನುತ್ತಿದ್ದಂತೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

"ಯಾರ್ಗೂ ಹೊಡೀಲಿಲ್ಲ ಕಣಣ್ಣ. ಗಂಟೆ ಹೊಡುದ್ಲು!"

ಒಂಬತ್ತನೇ ಕ್ಲಾಸಿನ ಮಳೆಗಾಲ. ಹೇಮಾವತಿ ಅಣೆಕಟ್ಟೆಯ ಬಾಗಿಲು ತೆಗೆದಿದ್ದಾರೆ, ಹೊಳೆ ಸೇತುವೆ ಮುಟ್ಟುತ್ತಿದೆ ಎಂದು ಮಧ್ಯಾಹ್ನ ಸುದ್ದಿ ಬಂದಿತ್ತು. ಊರೆಲ್ಲ ಸೇತುವೆಗೆ ಓಡುತ್ತಿತ್ತು, ಸ್ಕೂಲು ಬಿಡುವ ಹೊತ್ತಾಗಿರಲಿಲ್ಲ. ಜವಾನ ಖಜಾನೆಗೆ ಹೋಗಿದ್ದ. ಹೆಡ್‌ಮಾಸ್ಟರು ಊಟ ಮಾಡಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ನಾಗಿ ಅವರ ಬಾಗಿಲಲ್ಲಿ ಕಾವಲು ನಿಂತಳು. ತರಗತಿಯಲ್ಲಿ ತಲೆ ಎತ್ತಿ ಮಾತಾಡದ ಗಂಗಿ ಹೋಗಿ, ಜಗಲಿಯಲ್ಲಿ ನೇತುಹಾಕಿದ್ದ ರೈಲುಕಂಬಿಗೆ ಮನೆಗೆ ಬಿಡುವ ಉದ್ದನೆಯ ಗಂಟೆ ಹೊಡೆದುಬಿಟ್ಟಳು. ಇಡೀ ಸ್ಕೂಲು ಹೋ ಎಂದು ಹೊರಗೆ ಬಿತ್ತು. ಮೇಷ್ಟ್ರುಗಳು ಸೈಕಲ್ ಹತ್ತಿದರು. ಹೆಡ್‌ಮಾಸ್ಟರು ಎದ್ದು ಕೈಗಡಿಯಾರ ನೋಡಿಕೊಂಡು, ಅಲ್ಲಾಡಿಸಿ, ಕಿವಿಗೆ ಹಿಡಿದು, ಕೊಡೆ ತೆಗೆದುಕೊಂಡು ಮನೆಗೆ ಹೋದರು.

"ಮಾರ್ನೇ ದಿನ ವಾಚು ರಿಪೇರಿಗೆ ಕೊಟ್ರು ಕಣಣ್ಣ!" ಎಂದು ನಾಗಿ ಕಣ್ಣೀರು ಒರೆಸಿಕೊಂಡಳು. "ಯಾರ್ಗೂ ಹೇಳ್ಬಾರ್ದು ಅಂತ ನನ್ನ ತಲೆ ಮುಟ್ಟಿ ಆಣೆ ಮಾಡ್ಸಿದ್ಲು. ಇವತ್ತಿಗೂ ಹೇಳಿರ್ನಿಲ್ಲ."

ಆ ಮಧ್ಯಾಹ್ನ ನಾನೂ ಸೇತುವೆಗೆ ಓಡಿದ್ದೆ. ಗಂಟೆ ಹೊಡೆದವರು ಯಾರು ಎಂದು ನನಗೂ ಈಗ ನಾಗಿ ಹೇಳುವವರೆಗೆ ಗೊತ್ತಿರಲಿಲ್ಲ.

ಭಾವ ನಗಲಿಲ್ಲ. ಇನ್ನೊಂದು ಸಲ ಹೇಳಿ ಎಂದರು. ನಾಗಿ ಹೇಳಿದಳು. ಮತ್ತೆ, ಹೆಡ್‌ಮಾಸ್ಟರ ಕೊಡೆಯ ಭಾಗ ಮಾತ್ರ ಕೇಳಿದರು. ಆಮೇಲೆ, "ಇಂಥಾದ್ದನ್ನ ನನ್ನತ್ರ ಯಾಕೆ ಹೇಳ್ನಿಲ್ಲ ಅವ್ಳು?" ಎಂದರು.

"ನೀವು ಕೇಳಿದ್ರಾ ಅಣ್ಣಾ?"

ನಾಗಿ ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಲು ಕೇಳಿದಳು. ಅವರು ತಲೆ ತಗ್ಗಿಸಿದರು.

"ಇಲ್ಲ ಕಣಮ್ಮ. ಉಪ್ಪು ಸಾಕಾ, ಬಸ್ಸು ಎಷ್ಟೊತ್ಗೆ, ಇಂಥವೇ ಕೇಳಿದ್ದು. ಅವ್ಳ ವಿಷ್ಯ ಕೇಳ್ಲೇ ಇಲ್ಲ."

ಹಿಂತಿರುಗುವಾಗ ಹೊಳೆನರಸೀಪುರದ ಸೇತುವೆ ಬಂದಾಗ ವ್ಯಾನು ನಿಲ್ಲಿಸಿ ಇಳಿದರು. ಕಂಬಿ ಹಿಡಿದು ಹೊಳೆ ನೋಡುತ್ತಾ ನಿಂತವರು, ಇದ್ದಕ್ಕಿದ್ದಂತೆ ಗಟ್ಟಿಯಾಗಿ ನಗತೊಡಗಿದರು. ಸೈಕಲ್ಲಿನಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ನಾನು ವ್ಯಾನಿನಲ್ಲೇ ಕೂತಿದ್ದೆ.

ಮುಂದಿನ ಸಂಕ್ರಾಂತಿಗೆ ಸಂಘದ ಎರಡನೇ ಸಮಾವೇಶ. ಮುಂದಿನ ಸಾಲುಗಳು ನಮ್ಮವಾಗಿದ್ದವು. ಹಿಂದಿ ಟೀಚರು ಒಬ್ಬೊಬ್ಬರ ಕೆನ್ನೆ ಹಿಡಿದು ಮಾತಾಡಿಸಿದರು. ಹಳೇಕೋಟೆಯ ಮೈದುನನೇ ಅತ್ತಿಗೆಯನ್ನು ಬೈಕಿನಲ್ಲಿ ತಂದು ಬಿಟ್ಟು, ಭಾವನಿಗೆ ಕೈ ಮುಗಿದು ಹೋದ. ನಾಗಿ ಮೈಕು ಹಿಡಿದು ಗಂಟೆಯ ಕಥೆ ಹೇಳಿದಾಗ ಇಡೀ ಹಾಲ್ ಎದ್ದು ಚಪ್ಪಾಳೆ ತಟ್ಟಿತು. ಆ ಹೊತ್ತಿನಲ್ಲಿ ಭಾವ ಹಿಂದೆ ಊಟದ ಎಲೆ ಹಾಕಿಸುತ್ತಿದ್ದರು. ಕರೆದರೂ ವೇದಿಕೆಗೆ ಬರಲಿಲ್ಲ.

ಕಿಡ್ನಿಯ ತೊಂದರೆ ಅವರಿಗೆ ಮೊದಲಿಂದ ಇತ್ತಂತೆ, ನಮಗೆ ಹೇಳಿರಲಿಲ್ಲ. ಬೇಸಿಗೆಯಲ್ಲಿ ಮಲಗಿದವರು ಏಳಲಿಲ್ಲ. ಅವರ ಮಣ್ಣಿಗೆ ನಾಲ್ಕು ತಾಲ್ಲೂಕಿನಿಂದ ಹೆಂಗಸರು ಬಂದದ್ದನ್ನು ಕಂಡು ಅವರ ನೆಂಟರು ಇವರೆಲ್ಲ ಯಾರು ಎಂದು ಕೇಳಿದರು. ಹೆಂಡತಿ ಕಡೆಯವರು ಎಂದೆವು.

ತೀರಿಕೊಳ್ಳುವ ಹಿಂದಿನ ವಾರ ಅವರು ಆಸ್ಪತ್ರೆಯಿಂದ ನನಗೆ ಫೋನು ಮಾಡಿದ್ದರು. ದನಿ ಕುಗ್ಗಿತ್ತು.

"ಜಯಮ್ಮ, ಅವತ್ತು ಸೇತುವೆ ಮೇಲೆ ಗಂಗಾ ಎಲ್ಲಿ ನಿಂತಿದ್ಲು?"

ನನಗೆ ನೆನಪಿರಲಿಲ್ಲ. ಕೆಂಪು ನೀರು ನೆನಪಿತ್ತು, ಕಾಲ ಕೆಳಗೆ ಸೇತುವೆ ಅದುರಿದ್ದು ನೆನಪಿತ್ತು. ಕೇಳಿ ಹೇಳುತ್ತೇನೆ ಎಂದು ನಾಗಿಗೆ ಫೋನು ಹಚ್ಚಿದೆ.

"ಅಯ್ಯೋ, ನಿನ್ ಪಕ್ಕದಲ್ಲೇ ಕಣೇ!" ಎಂದಳು ಅವಳು. "ಕಂಬಿ ಮೇಲೆ ಬಗ್ಗಿ ಬಗ್ಗಿ ನೋಡ್ತಿದ್ಲು. ಬಿದ್ಬುಡ್ತಾಳೆ ಅಂತ ನೀನು ಅವ್ಳ ಜಡೆ ಹಿಡ್ಕಂಡು ಅಳ್ತಿದ್ದೆ. ಮರ್ತ್‌ಬುಟ್ಯಾ?"

ಮರೆತಿದ್ದೆ. ಅವಳು ಹೇಳಿದ ಮೇಲೆ ಅಂಗೈಯಲ್ಲಿ ಆ ಒದ್ದೆ ಕೂದಲು, ರಿಬ್ಬನ್ನಿನ ಗಂಟು ಎಲ್ಲ ಬಂತು. ಆಸ್ಪತ್ರೆಗೆ ಫೋನು ಮಾಡಿ ಭಾವನಿಗೆ ಹೇಳಿದೆ.

"ಒಂದು ಜಡೆನಾ ಜಯಮ್ಮ, ಎರಡಾ?" ಎಂದರು.

"ಎರಡು ಭಾವ," ಎಂದೆ. "ಎರಡೂ ನನ್ನ ಕೈಲೇ ಇದ್ವು."