ನಾನು ಓದದೆ ಬಿಟ್ಟ ಸಾಲುಗಳು

ನಮ್ಮ ಮನೆಗೆ ಕಾಗದ ಯಾರ ಹೆಸರಿಗೆ ಬಂದರೂ ಅದನ್ನು ಜಗಲಿಯ ಮೇಲೆ ಎಲ್ಲರೆದುರು ಗಟ್ಟಿಯಾಗಿ ಓದಬೇಕಿತ್ತು. ಮಿಡಿಗೇಶಿಯ ನಮ್ಮ ಕೇರಿಯಲ್ಲಿ ಓದು ಬರುವವರೇ ಕಡಿಮೆ. ಒಬ್ಬರು ಓದುವುದು, ಉಳಿದವರು ಕೇಳುವುದು, ಹಾಗೇ ನಡೆದುಕೊಂಡು ಬಂದಿತ್ತು. ಸಂಜೆ ದೊಡ್ಡಪ್ಪ ಹೊಲದಿಂದ ಬಂದು ಕಾಲು ತೊಳೆದು ಕಂಬಕ್ಕೆ ಒರಗಿ ಕೂತ ಮೇಲೆ, "ಎಲ್ಲಿ, ಓದು" ಅನ್ನುತ್ತಿದ್ದ. ಪಕ್ಕದಲ್ಲಿ ಅಪ್ಪ, ದಾರಿಯಲ್ಲಿ ಹೋಗುತ್ತಾ ಬೀಡಿ ಹಚ್ಚಲು ನಿಂತ ಒಬ್ಬಿಬ್ಬರು ಗಂಡಸರು, ಬಾಗಿಲ ಹಿಂದೆ ಹೆಂಗಸರು. ಓದಿ ಮುಗಿದ ಕಾಗದವನ್ನು ಬಾಗಿಲ ಪಕ್ಕದಲ್ಲಿ ನೇತಾಡುತ್ತಿದ್ದ ಕಂಬಿಗೆ ಚುಚ್ಚಿಬಿಡುತ್ತಿದ್ದರು. ನಾನು ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಓದುವ ಕೆಲಸ ನನಗೆ ಬಂದಿತ್ತು, ಜೊತೆಗೆ ಅದರ ಜಂಬವೂ. ಆ ಜಂಬದ ಮುಖಕ್ಕೆ ಬೆಂಕಿ ಬೀಳಲಿ.

ಅವ್ವನಿಗೆ ಆಗ ಮೂವತ್ತೇಳೋ ಮೂವತ್ತೆಂಟೋ. ತಿಂಗಳಿಗೊಂದು ಸಲ ಹೊರಗೆ ಕೂರುತ್ತಿದ್ದವಳು ಎರಡು ಸಲ, ಒಮ್ಮೊಮ್ಮೆ ಮೂರು ಸಲ ಕೂರುವಂತಾಯಿತು. ಜಗಲಿಯ ಮಗ್ಗುಲಲ್ಲೇ ದನದ ಕೊಟ್ಟಿಗೆಗೆ ಅಂಟಿಕೊಂಡು ತಗ್ಗು ಸೂರಿನ ಒಂದು ಚಾಚು ಇತ್ತು, ಮುಟ್ಟಾದ ಹೆಂಗಸರಿಗೆ ಅದೇ ಜಾಗ. ಹರಿದ ಚಾಪೆ, ಒಂದು ತಂಬಿಗೆ, ಒಂದು ತಟ್ಟೆ. ಅಜ್ಜಿ, ಅಂದರೆ ಅಪ್ಪನ ತಾಯಿ, ದೂರದಿಂದಲೇ ಮುದ್ದೆ ಹಾಕುತ್ತಾ ಅನ್ನುತ್ತಿದ್ದಳು: "ವಾರ ವಾರ ಹೊರಕ್ಕೆ ಕುಂತ್ರೆ ಮನೆ ಕೆಲ್ಸ ಯಾರು ಮಾಡ್ತಾರೆ? ಒಳ್ಳೆ ನೆವ ಸಿಕ್ತು ಬುಡು ನಿಂಗೆ." ನೆವ! ಆ ಚಾಚಿನಲ್ಲಿ ಒಂದು ದಿನ ಮಲಗಿದ್ದರೆ ಗೊತ್ತಾಗುತ್ತಿತ್ತು ಅದು ಎಂಥ ನೆವ ಎಂದು. ಕೊನೆಕೊನೆಗೆ ಅವ್ವ ಕೆಂಪು ಕಂಡರೂ ಬಾಯಿಬಿಡದೆ ಒಳಗೇ ಇದ್ದು ರೊಟ್ಟಿ ತಟ್ಟತೊಡಗಿದಳು. ಮೈಲಿಗೆ ಮಾಡುತ್ತಿದ್ದೇನೆ ಎಂಬ ಭಯ ಒಂದು ಕಡೆ, ಮೈಗಳ್ಳಿ ಎಂಬ ಮಾತು ಇನ್ನೊಂದು ಕಡೆ.

ಕಡಲೆಕಾಯಿ ಸುಲಿಯುವಾಗ ಹೆಂಗಸರು ಇದನ್ನೆಲ್ಲ ಪಿಸುಮಾತಿನಲ್ಲಿ ಆಡಿಕೊಳ್ಳುತ್ತಿದ್ದರು. ಒಬ್ಬಳಿಗೆ ಬಿಳಿ ಸೆರಗು, ಒಬ್ಬಳಿಗೆ ಗರ್ಭಕೋಶ ಜಾರಿ ಕೂರಲಾಗದು, ಇನ್ನೊಬ್ಬಳಿಗೆ ಕೆಳಹೊಟ್ಟೆಯಲ್ಲಿ ಸದಾ ನೋವು. ಎಲ್ಲಕ್ಕೂ ಉತ್ತರ ಒಂದೇ: ಉಷ್ಣ. ಮೆಂತ್ಯ ನೆನೆಸಿ ಕುಡಿ, ಅಕ್ಕಿ ತೊಳೆದ ನೀರು ಕುಡಿ, ಹರಳೆಣ್ಣೆ ಹಚ್ಚು. ಅವ್ವ ಎಲ್ಲವನ್ನೂ ಕುಡಿದಳು, ಎಲ್ಲವನ್ನೂ ಹಚ್ಚಿದಳು. ಅಪ್ಪನ ಜೊತೆ ಮಲಗಿದ ಮಾರನೆಯ ದಿನವೇ ಕೆಂಪು ಹೋಗುತ್ತದೆ ಎಂಬುದನ್ನು ಮಾತ್ರ ಆ ಹೆಂಗಸರಿಗೂ ಹೇಳಲಿಲ್ಲ. ಅದು ನನಗೆ ತಿಳಿದದ್ದು ಆಮೇಲೆ ಬಂದ ಒಂದು ಕಾಗದದಿಂದ.

ಅವಳು ಆಸ್ಪತ್ರೆ ನೋಡಿದ್ದು ನನ್ನ ಕಿವಿಯಿಂದಾಗಿ. ನನ್ನ ಎಡಗಿವಿ ಸೋರುತ್ತಿತ್ತು. ಮಗುವಿನ ಕಿವಿ ತೋರಿಸಲು ಮಧುಗಿರಿಗೆ ಹೋಗುತ್ತೇನೆಂದರೆ ಯಾರೂ ಬೇಡ ಅನ್ನುವಂತಿರಲಿಲ್ಲ. ತನ್ನ ಮೈ ತೋರಿಸಲು ಹೋಗುತ್ತೇನೆಂದರೆ ಆಗಿನ ಯಾವ ಸೊಸೆಗೂ ಬಸ್ಸು ಇರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಅವ್ವ ನನ್ನ ಕಿವಿಗೆ ಇಟ್ಟಿದ್ದ ಹತ್ತಿ ಸರಿಮಾಡುತ್ತಾ, "ನಂದೂ ಒಂದೀಟು ತೋರುಸ್ಕೊಂಬತ್ತೀನಿ. ಮನೇಲಿ ಅನ್ಬ್ಯಾಡ ಕಣೆ" ಅಂದಳು.

ಅಲ್ಲೊಬ್ಬರು ಲೇಡಿ ಡಾಕ್ಟರು ಇದ್ದರು. ಬಿಳಿ ಸೀರೆ, ದಪ್ಪ ಕನ್ನಡಕ, ಅವಸರವಿಲ್ಲದ ಮಾತು. ನನ್ನ ಕಿವಿಯನ್ನು ಎರಡು ನಿಮಿಷದಲ್ಲಿ ಮುಗಿಸಿ ಹೊರಗೆ ಕೂರಿಸಿದರು. ಅವ್ವ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಅವಳ ಮುಖ ಬಿಳಿಚಿಕೊಂಡಿತ್ತು. ಕಡ್ಡಿಯಲ್ಲಿ ಒಳಗಿನದನ್ನು ಸವರಿ ಗಾಜಿನ ಚೂರಿಗೆ ಬಳಿದುಕೊಂಡರಂತೆ, ಅದನ್ನು ಬೆಂಗಳೂರಿಗೆ ಕಳಿಸಿ ನೋಡಿಸುತ್ತಾರಂತೆ, ಏನಾಯಿತೆಂದು ಕಾಗದ ಹಾಕುತ್ತಾರಂತೆ. "ಮನೇಲಿ ಓದೋರು ಯಾರು ಅಂತ ಕೇಳುದ್ರು. ನನ್ನ ಮಗಳೇ ಓದ್ತಾಳೆ ಅಂದೆ" ಎಂದು ಹೇಳುವಾಗ ಮಾತ್ರ ಅವಳ ಮುಖದಲ್ಲಿ ಸ್ವಲ್ಪ ಕಳೆ ಬಂತು.

ಮೂರು ವಾರದ ಮೇಲೆ ಕಾಗದ ಬಂತು. ಅಂಚೆಯವನು ಅದನ್ನು ದೊಡ್ಡಪ್ಪನ ಕೈಗೆ ಕೊಟ್ಟ. ಅವತ್ತು ಅವ್ವ ಮತ್ತೆ ಹೊರಗೆ ಕೂತಿದ್ದಳು. ಹಾಗಾಗಿ ಕಾಗದ ಮುಟ್ಟುವಂತಿರಲಿಲ್ಲ, ಜಗಲಿಗೆ ಬರುವಂತೆಯೂ ಇರಲಿಲ್ಲ. ಚಾಚಿನ ಬಿದಿರು ತಟ್ಟಿಯ ಹಿಂದೆ ಕೂತು ಕೇಳಬೇಕಿತ್ತು. ಆಸ್ಪತ್ರೆಯಿಂದ ಬಂದದ್ದು ಎಂದು ತಿಳಿದಾಗ ಎಲ್ಲರೂ ಅದು ನನ್ನ ಕಿವಿಯ ವಿಚಾರ ಎಂದುಕೊಂಡರು. ನಾನು ಕವರು ಹರಿದೆ. ಒಳಗಿನ ಹಾಳೆಯ ಎರಡು ಬದಿಗೂ ದುಂಡು ಅಕ್ಷರ, ಹುಡುಗಿಯೊಬ್ಬಳು ಓದಲೆಂದೇ ಬಿಡಿಸಿ ಬಿಡಿಸಿ ಬರೆದದ್ದು.

ಮೊದಲನೆಯ ಸಾಲುಗಳನ್ನು ಗಟ್ಟಿಯಾಗಿ ಓದಿದೆ. ಪರೀಕ್ಷೆಯ ವರದಿ ಬಂದಿದೆ, ಕ್ಯಾನ್ಸರ್ ಎಂಬ ಕೆಟ್ಟ ಹುಣ್ಣು ಆಗಿದೆಯೆಂದು ವರದಿ ಹೇಳುವುದಿಲ್ಲ, ಹೆದರಬೇಡಿ ಎಂದಿತ್ತು. ಅಷ್ಟರಲ್ಲಿ ಕಣ್ಣು ಮುಂದಿನ ಸಾಲಿಗೆ ಹೋಗಿತ್ತು. ಆದರೆ ಗರ್ಭಕೋಶದ ಬಾಯಿಯ ಮೇಲ್ಪದರ ಮಾಮೂಲಿನಂತಿಲ್ಲ, ಬದಲಾಗಿದೆ. ಹಾಗೇ ಬಿಟ್ಟರೆ ಮುಂದೆ ಹುಣ್ಣಾಗಬಹುದು, ಈಗಲೇ ನೋಡಿಕೊಂಡರೆ ವಾಸಿಯಾಗುತ್ತದೆ. ಯೋನಿಯ ಮೂಲಕ ಅಲ್ಲಿಂದ ಚೂರು ಮಾಂಸ ತೆಗೆದು ನೋಡಬೇಕು. ಗಂಡನ ಜೊತೆ ಮಲಗಿದ ಮೇಲೆ ರಕ್ತ ಹೋಗುತ್ತದೆಂದು ನೀವು ಹೇಳಿದ್ದು ಮುಖ್ಯ ಲಕ್ಷಣ, ಅದನ್ನು ಕಡೆಗಣಿಸಬೇಡಿ. ಒಂದು ತಿಂಗಳೊಳಗೆ ತಪ್ಪದೆ ಬನ್ನಿ.

ಎದುರಿಗೆ ದೊಡ್ಡಪ್ಪ. ಪಕ್ಕದಲ್ಲಿ ಅಪ್ಪ. ಮೆಟ್ಟಿಲ ಬಳಿ ಬೀಡಿ ಹಿಡಿದ ಇಬ್ಬರು. ಹದಿಮೂರು ವರ್ಷದ ನಾನು ಆ ಮಾತುಗಳನ್ನು ಹೆಂಗಸರ ಬಾಯಲ್ಲೂ ಸರಿಯಾಗಿ ಕೇಳಿರಲಿಲ್ಲ, ಗಂಡಸರ ಮುಂದೆ ಹೇಗೆ ಹೇಳಲಿ? ಇನ್ನೂ ಒಂದಿತ್ತು. ದೊಡ್ಡಪ್ಪ ಆ ಬೇಸಿಗೆಯಿಂದಲೇ, "ಎಣ್ಣೈಕ್ಳು ಓದಿದ್ದು ಸಾಕು ಕಣ್ಲಾ, ಇನ್ನು ಬುಡಿಸು" ಎಂದು ಅಪ್ಪನ ತಲೆ ತಿನ್ನುತ್ತಿದ್ದ. ಇಂಥ ಮಾತು ನನ್ನ ಬಾಯಿಂದ ಬಿದ್ದರೆ ಮಾರನೆಯ ದಿನವೇ ನನ್ನ ಪುಸ್ತಕದ ಚೀಲ ಅಟ್ಟ ಸೇರುವುದು ಖಂಡಿತ ಅನ್ನಿಸಿತು. ಹಾಳೆ ತಿರುವಿ ಕೊನೆಯ ಸಾಲಿಗೆ ಹಾರಿದೆ. "ಮಗಳ ಕಿವಿಗೆ ಕೊಟ್ಟ ಔಷಧಿಯನ್ನು ಹದಿನೈದು ದಿನ ಮುಂದುವರಿಸಿ. ಇಂತಿ."

ನನ್ನ ಕಿವಿಯ ಸಾಲನ್ನು ಮಾತ್ರ ಒಂದಕ್ಷರ ಬಿಡದೆ ಓದಿದೆ.

"ಹುಣ್ಣಿಲ್ಲ ಅಂದ್ರಲ್ಲ, ಸರಿ ಬುಡು" ಅಂದ ದೊಡ್ಡಪ್ಪ. ಹುಣ್ಣು ಕಿವಿಯಲ್ಲಿ ಎಂದೇ ಅವನ ಲೆಕ್ಕ. ಆಗ ತಟ್ಟಿಯ ಹಿಂದಿನಿಂದ ಅವ್ವನ ದನಿ ಬಂತು. "ಅಷ್ಟೇನಾ ಮಗಾ?"

"ಅಷ್ಟೇ ಕಣವ್ವ" ಅಂದೆ.

ಮುಂದೆ ನಾನು ಸ್ಕೂಲು ಮೇಡಂ ಆಗಿ ಪಾವಗಡದ ಕಡೆ ಒಂದು ಹಳ್ಳಿಯಲ್ಲಿದ್ದಾಗ, ಹೆಂಗಸರು ಆಸ್ಪತ್ರೆ ಚೀಟಿಗಳನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ನನ್ನ ಹತ್ತಿರ ತರುತ್ತಿದ್ದರು. ಎಲ್ಲರನ್ನೂ ಆಚೆ ಕಳಿಸಿ ಬಾಗಿಲು ಹಾಕಿ, ಮೇಲಿನಿಂದ ಕೆಳಗಿನವರೆಗೆ ಓದುತ್ತಿದ್ದೆ. ಸದ್ಯಕ್ಕೆ ರೋಗವಿಲ್ಲ ಎಂದರೆ ಇನ್ನು ಹೋಗಬೇಡಿ ಎಂದರ್ಥವಲ್ಲ, ಮತ್ತೆ ಯಾವಾಗ ಬರಲು ಹೇಳಿದ್ದಾರೋ ಅದೇ ಮುಖ್ಯ ಎಂದು ಜಗಳ ಕಾಯುವವಳ ಹಾಗೆ ಹೇಳುತ್ತಿದ್ದೆ. ಓದಿ ಮುಗಿಸಿದಾಗ ಅವರು ತೆಲುಗಿನಲ್ಲಿ, "ಅಂತೇನಾ ಅಮ್ಮಾ?" ಅನ್ನುವರು. ಅಷ್ಟೇನಾ ಎಂದು ಕೇಳುವುದು. ಆ ಮಾತು ಕಿವಿಗೆ ಬಿದ್ದೊಡನೆ ಚೀಟಿಯನ್ನು ಇನ್ನೊಂದು ಸಲ ಮೊದಲಿನಿಂದ ಓದುತ್ತಿದ್ದೆ. ಈ ಮೇಡಮ್ಮನಿಗೆ ಸ್ವಲ್ಪ ತಿಕ್ಕಲು ಎಂದು ಅವರು ನಗುತ್ತಿದ್ದರು.

ಕಾಗದ ಓದಿದ ಮಾರನೆಯ ದಿನ ಅವ್ವನ ಹತ್ತಿರ ಹೋಗಿ ಹೇಳಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಕೇಳಲಿ, ನಾನೇ ಎಷ್ಟು ಸಲ ಕೇಳಿಕೊಂಡಿಲ್ಲ. ಮಾರನೆಯ ದಿನ ನಾಚಿಕೆ ಇನ್ನೂ ಹಸಿಯಾಗಿತ್ತು. ಅದರ ಮಾರನೆಯ ದಿನ, ನಿನ್ನೆಯೇ ಯಾಕೆ ಹೇಳಲಿಲ್ಲ ಎಂಬ ಭಯ. ತಿಂಗಳು ಕಳೆಯಿತು. ಕಳೆದ ಮೇಲೆ, ಡಾಕ್ಟರು ಹೇಳಿದ ಗಡುವೇ ಮುಗಿಯಿತಲ್ಲ, ಇನ್ನೇನು ಹೇಳುವುದು ಎಂಬ ಹೇಡಿ ಸಮಾಧಾನ. ಹುಣ್ಣಲ್ಲ ಎಂದು ಅವರೇ ಬರೆದಿದ್ದಾರಲ್ಲ ಎಂದು ನನಗೆ ನಾನೇ ಹೇಳಿಕೊಂಡು ಗಣಿತದ ಲೆಕ್ಕ ಮಾಡುತ್ತಾ ಕೂತೆ. ಕಾಗದ ಬಾಗಿಲ ಪಕ್ಕದ ಕಂಬಿಯಲ್ಲಿ ನೇತಾಡುತ್ತಿತ್ತು. ಅದರ ಮೇಲೆ ಮದುವೆ ಕರೆ, ಕಂದಾಯದ ರಸೀದಿ, ಸತ್ತವರ ಸುದ್ದಿ ಚುಚ್ಚಿಸಿಕೊಂಡವು. ನಾನು ದಿನಾ ಅದರ ಪಕ್ಕದಲ್ಲೇ ಸ್ಕೂಲಿಗೆ ಹೋಗಿಬಂದೆ.

ಮೂರು ವರ್ಷಕ್ಕೆ ಅವ್ವ ಒಣಗಿದ ಕಡ್ಡಿಯಾದಳು. ಸೊಂಟದ ನೋವು, ನಿಲ್ಲದ ಕೆಂಪು, ಜೊತೆಗೆ ಅವಳು ಹಾದುಹೋದ ಕಡೆ ಉಳಿಯುವ ಒಂದು ವಾಸನೆ. ಅಜ್ಜಿ ಈಗ ನೆವ ಅನ್ನುತ್ತಿರಲಿಲ್ಲ, ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ಆಗ ನಾನು ಮಧುಗಿರಿಯಲ್ಲೇ ಹೈಸ್ಕೂಲು ಓದುತ್ತಿದ್ದೆ. ಅಪ್ಪನ ಕೈಕಾಲು ಹಿಡಿದು ಅವ್ವನನ್ನು ಬಸ್ಸು ಹತ್ತಿಸುವಂತೆ ಮಾಡಿದೆ, ನಾನೇ ಬಸ್‌ಸ್ಟ್ಯಾಂಡಿಂದ ಆಸ್ಪತ್ರೆಗೆ ನಡೆಸಿಕೊಂಡು ಹೋದೆ.

ಅದೇ ಡಾಕ್ಟರು. ಈ ಸಲ ನನ್ನನ್ನು ಹೊರಗೆ ಕಳಿಸಲಿಲ್ಲ, ದೊಡ್ಡವಳಾಗಿದ್ದೆನಲ್ಲ. ಪರೀಕ್ಷೆ ಮಾಡಿ ಕೈ ತೊಳೆದುಕೊಂಡು ಬಂದು ಕೂತವರು ಹಳೆಯ ಪುಸ್ತಕ ತೆಗೆಸಿ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮಗೆ ನಾನೇ ಕೈಯಾರೆ ಕಾಗದ ಬರೆದಿದ್ದೆನಲ್ಲಮ್ಮ. ಯಾಕೆ ಬರಲಿಲ್ಲ?"

ಅವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಯಾವ್ ಕಾಗ್ದಾನೂ ಬರ್ಲಿಲ್ಲ ಕಣ್ರವ್ವ. ಅಂಚೇಲಿ ತಪ್ಪೋಗಿರ್ಬೇಕು."

"ಕಾಗದ ಬರದಿದ್ದರೆ ಬಂದು ಕೇಳಬಾರದಿತ್ತೇ? ಅವತ್ತೇ ಹೇಳಿರಲಿಲ್ಲವೇ ನಾನು? ಏನೂ ಇಲ್ಲದಿದ್ದರೆ ಒಂದು ಕಾರ್ಡು ಹಾಕುತ್ತೇನೆ. ನೀವು ಮತ್ತೆ ಬರಬೇಕಾಗಿದ್ದರೆ ಕವರಿನಲ್ಲಿ ಹಾಕುತ್ತೇನೆ, ಕಂಡವರೆಲ್ಲ ಓದಬಾರದು ಅಂತ. ಕವರು ಬಂದರೆ ಏನೆಂದು ಕೇಳದೆ ಹೊರಟು ಬನ್ನಿ ಅಂದಿದ್ದೆ."

"ಅಂದಿದ್ರಿ" ಅಂದಳು ಅವ್ವ.

ಇನ್ನು ಮಾಡುವಂಥದ್ದು ಏನೂ ಉಳಿದಿಲ್ಲ ಎಂಬುದನ್ನು ಡಾಕ್ಟರು ನನಗೊಬ್ಬಳಿಗೇ ಹೇಳಿದರು. ನೋವಿಗೆ ಮಾತ್ರೆ ಬರೆದುಕೊಟ್ಟರು. ಹಿಂದಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವ್ವನನ್ನು ಕೂರಿಸಿ ನಾನು ಪಕ್ಕದಲ್ಲಿ ಕೂತೆ. ತಟ್ಟಿಯ ಸಂದಿಯಿಂದ ಅವತ್ತು ಅವಳು ನೋಡಿದ್ದಳು. ಅಕ್ಷರ ಬಾರದಿದ್ದರೆ ಏನು, ಕಾರ್ಡಿಗೂ ಕವರಿಗೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲವೇ? ನಾನು ಕವರು ಹರಿಯುವ ಮೊದಲೇ ಅವಳಿಗೆ ಎಲ್ಲ ಗೊತ್ತಾಗಿತ್ತು.

"ಗೊತ್ತಿದ್ದೂ ಯಾಕವ್ವ ಸುಮ್ನಿದ್ದೆ?" ಅಂದೆ. ಅಳು ಬರಲಿಲ್ಲ. ಕೋಪ ಬಂತು. ಅವಳ ಮೇಲೇ ಬಂತು, ಇವತ್ತಿಗೂ ಪೂರ್ತಿ ಇಳಿದಿಲ್ಲ.

"ನೀನು ಮಧ್ಯದಾಗೆ ನುಂಗ್ಕೊಂಡೆ ಅಂತ ಗೊತ್ತಾಯ್ತು. ಎಲ್ಡು ಕಡೆ ಬರ್ದಿದ್ದು ಎಲ್ಡೇ ಮಾತ್ಗೆ ಮುಗೀತದಾ? ಕೆದ್ಕಿ ಕೇಳಿದ್ರೆ ನಿಮ್ ದೊಡ್ಡಪ್ಪ ಪೂರ್ತಿ ಓದು ಅಂತಿದ್ದ. ಓದಿದ್ಮ್ಯಾಲೆ ನಿನ್ನ ಇಸ್ಕೂಲಿಗೆ ಬುಡ್ತಿದ್ನಾ?" ಅಂದಳು.

"ಆಮೇಲಾದ್ರೂ ನನ್ನೊಬ್ಳನ್ನೇ ಕೇಳ್ಬೋದಿತ್ತು."

"ಕೇಳಿದ್ರೆ ಆಸ್ಪತ್ರೆಗೆ ಓಗ್ಬೇಕಿತ್ತು. ಯಾಕೆ ಅಂತ ಮನೇಲಿ ಹೇಳ್ಬೇಕಿತ್ತು. ಸುತ್ತಿ ಬಳ್ಸಿ ನಿನ್ನ ಇಸ್ಕೂಲಿಗೇ ಬರ್ತಿತ್ತು ಬುಡು."

ಮುಂದಿನ ಹಬ್ಬವನ್ನು ಅವಳು ನೋಡಲಿಲ್ಲ. ಹನ್ನೊಂದನೆಯ ದಿನ ನೆಂಟರೆಲ್ಲ ಉಂಡು ಹೋದ ಮೇಲೆ ಜಗಲಿಯಲ್ಲಿ ದೊಡ್ಡಪ್ಪ, ಅಪ್ಪ, ಕೇರಿಯ ಒಂದಿಬ್ಬರು ಕೂತಿದ್ದರು. ನಾನು ಕಂಬಿಯಿಂದ ಮೇಲಿನ ಕಾಗದಗಳನ್ನು ಒಂದೊಂದಾಗಿ ಕಿತ್ತು ಕೆಳಗಿನದನ್ನು ತೆಗೆದೆ. ಯಾರೂ ಓದು ಅನ್ನಲಿಲ್ಲ. ನಿಂತುಕೊಂಡೇ ಓದಿದೆ. ಗರ್ಭಕೋಶದ ಬಾಯಿ ಎಂದು ಓದಿದೆ. ಯೋನಿ ಎಂದು ಓದಿದೆ. ಗಂಡನ ಜೊತೆ ಮಲಗಿದ ಮೇಲೆ ಎಂಬುದನ್ನು ಅಪ್ಪನ ಮುಖ ನೋಡುತ್ತಾ ಓದಿದೆ. ಒಂದು ತಿಂಗಳೊಳಗೆ ತಪ್ಪದೆ ಬನ್ನಿ ಎಂಬುದನ್ನು ಎರಡು ಸಲ ಓದಿದೆ. ಅಪ್ಪ ಎದ್ದು ಕೊಟ್ಟಿಗೆಯ ಕಡೆ ಹೋದ.

ದೊಡ್ಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಗದರುತ್ತಾನೆ ಎಂದುಕೊಂಡೆ. ಗದರಲಿ ಎಂದೇ ಕಾದು ನಿಂತಿದ್ದೆ, ನನಗೂ ಅವತ್ತು ಒಬ್ಬರ ಮೇಲೆ ಹರಿಹಾಯಬೇಕಿತ್ತು.

"ಇದನ್ನ ಅವತ್ತೇ ಓದ್ಬಾರ್ದಿತ್ತಾ ಮಗಾ?" ಅಂದ. "ನಾವೇನು ನಿನ್ನ ತಿಂದ್ಬುಡ್ತಿದ್ವಾ?"

ಅವನ ದನಿಯಲ್ಲಿ ಕೋಪವಿರಲಿಲ್ಲ. ಆ ವರ್ಷವೂ ನನ್ನನ್ನು ಸ್ಕೂಲು ಬಿಡಿಸಲಿಲ್ಲ, ಅದರ ಮುಂದಿನ ವರ್ಷ ಟೀಚರ್ ಟ್ರೈನಿಂಗಿಗೆ ಸೇರಿಸಲು ಕೊರಟಗೆರೆಯವರೆಗೆ ಅವನೇ ಟ್ರಂಕು ಹೊತ್ತು ಬಂದ. ಅವತ್ತು ಜಗಲಿಯಲ್ಲಿ ಪೂರ್ತಿ ಓದಿದ್ದರೆ ಬಿಡಿಸುತ್ತಿದ್ದನೋ ಇಲ್ಲವೋ, ಈಗ ಕೇಳೋಣವೆಂದರೆ ಅವನೂ ಇಲ್ಲ. ಬಿಡಿಸಿಯೇ ಬಿಡುತ್ತಾನೆ ಎಂದು ನಂಬಿ ಅವ್ವ ಸತ್ತಳು.