ಜಾಲರಿ ಬಾಗಿಲ ಲಿಫ್ಟಿನ ಲಿಂಗಸಾಮಿ

ಇಡೀ ಕೊಯಮತ್ತೂರಿನಲ್ಲಿ ಲಿಂಗಸಾಮಿ ಮರ್ಯಾದೆ ಕೊಡುತ್ತಿದ್ದದ್ದು ಒಂದಕ್ಕೆ ಮಾತ್ರ, ಅದು ಮನುಷ್ಯನಲ್ಲ. ಒಪ್ಪಣಕಾರ ಬೀದಿಯ ಹಳೆಯ ಜವಳಿ ಕಟ್ಟಡದ ಲಿಫ್ಟು. ತೇಗದ ಪೆಟ್ಟಿಗೆ, ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಬಾಗಿಲು, ಒಳಗೊಂದು ಹಿತ್ತಾಳೆಯ ಹಿಡಿ. ಹಿಡಿಯನ್ನು ಬಲಕ್ಕೆ ತಿರುಗಿಸಿದರೆ ಮೇಲೆ, ಎಡಕ್ಕೆ ತಿರುಗಿಸಿದರೆ ಕೆಳಗೆ. ಕೈಬಿಟ್ಟರೆ ತಾರಸಿಯ ಮೇಲಿನ ಕೋಣೆಯಲ್ಲಿ ಬ್ರೇಕು ಕಚ್ಚಿಕೊಂಡು ಪೆಟ್ಟಿಗೆ ನಿಲ್ಲುತ್ತದೆ. ಬಿಳಿಯರ ಕಾಲದಲ್ಲಿ ಹಡಗಿನಲ್ಲಿ ಬಂದ ಸಾಮಾನು. ಅದರ ಎಣ್ಣೆ, ಹಗ್ಗ, ಬ್ರೇಕುಗಳ ಯಜಮಾನಿಕೆ ನಲವತ್ತೊಂದು ವರ್ಷದಿಂದ ಅವನದೇ.

ಉಳಿದ ಲಿಫ್ಟುಗಳನ್ನೆಲ್ಲ ಅವನು 'ಡಬ್ಬಾ' ಎನ್ನುತ್ತಿದ್ದ. ಅವಿನಾಶಿ ರಸ್ತೆಯ ಗಾಜಿನ ಡಬ್ಬಾಗಳು ಬಾಗಿಲು ಮುಚ್ಚುತ್ತಿದೆ ಎಂದು ಇಂಗ್ಲಿಷಿನಲ್ಲಿ ಉಲಿಯುವುದನ್ನು ಕೇಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಕದ ಮುಚ್ಚೋದು ಕಣ್ಣಿಗೆ ಕಾಣಲ್ವಾ? ಅದ್ನ ಬಾಯಲ್ಲಿ ಬೇರೆ ಹೇಳ್ಬೇಕಾ?" ಎಂದು ಮನೆಯಲ್ಲಿ ಕೂಗಾಡಿದರೆ ಹೆಂಡತಿ ಕಲಾ ಬಿಡುತ್ತಿರಲಿಲ್ಲ.

"ನಿಮ್ಗೆ ಕಾಣಿಸ್ತದಾ ಮೊದ್ಲು? ನಿನ್ನೆ ಕಾಫಿಗೆ ಉಪ್ಪು ಹಾಕ್ಕೊಂಡವ್ರು ಯಾರು? ಆಸ್ಪತ್ರಿಗೆ ಹೋಗಿ ಕಣ್ಣು ತೋರಿಸ್ಕೊಳ್ಳಿ ಅಂದ್ರೆ ಕೋಪ ಬೇರೆ."

ಕಣ್ಣಿನ ಡಾಕ್ಟರುಗಳೂ ಅವನ ತಿರಸ್ಕಾರದ ಪಟ್ಟಿಯಲ್ಲಿದ್ದರು. ಸೋಮನೂರಿನಲ್ಲಿ ಪವರ್‌ಲೂಮ್ ಹಾಕಿಕೊಂಡು ಕಿವುಡಾಗಿದ್ದ ಅವನ ಅಣ್ಣತಮ್ಮಂದಿರೂ ಇದ್ದರು. ಕನ್ನಡ ಮಾತಾಡುವ ನೇಯ್ಗೆಯವರ ಮನೆಯಲ್ಲಿ ಹುಟ್ಟಿದರೂ ಮಗ್ಗಕ್ಕೆ ಕೈಮುಗಿದು, ಪಂಪಿನ ಕಾರ್ಖಾನೆ ಸೇರಿ, ಅಲ್ಲಿ ಬಲಗೈಯ ಉಂಗುರದ ಬೆರಳಿನ ಅರ್ಧವನ್ನು ಹಲ್ಲುಚಕ್ರಕ್ಕೆ ಕೊಟ್ಟು ಕಸುಬು ಕಲಿತವನು ಅವನು. ಆದರೆ ಊರಿನ ಒಂದು ಪದ್ಧತಿಯನ್ನು ಮಾತ್ರ ಬಿಟ್ಟಿರಲಿಲ್ಲ. ಆಯುಧಪೂಜೆಗೆ ಅವನ ತಾಯಿ ಗಂಧದ ಪುಡಿಯನ್ನು ನೀರಿನಲ್ಲಿ ಕಲಸುತ್ತಿರಲಿಲ್ಲ, ಹರಳೆಣ್ಣೆಯಲ್ಲಿ ಕಲಸುತ್ತಿದ್ದಳು. ಮಗ್ಗ ಅದುರುವಾಗ ಒಣಗಂಧ ಉದುರಿ ಸೀರೆಗೆ ಕಲೆಯಾಗಬಾರದಲ್ಲ. ಲಿಂಗಸಾಮಿಯೂ ಹಾಗೇ ಕಲಸಿ, ಲಿಫ್ಟಿನ ಮೋಟಾರಿನ ಕವಚದ ಮೇಲೆ ಮೂರು ಬೆರಳಿನಿಂದ ಮೂರು ಪಟ್ಟೆ ಎಳೆದು, ಕರ್ಪೂರ ಹಚ್ಚಿ, ಪೊರಿ-ಕಡಲೆ ಹಂಚಿ, ಕೋಣೆಗೆ ಬೀಗ ಹಾಕಿ ಬರುತ್ತಿದ್ದ. ಈ ವರ್ಷವೂ ಅಷ್ಟೇ ಮಾಡಿದ.

ಹಬ್ಬ ಕಳೆದು ಲಿಫ್ಟು ಓಡಿಸಿದ ದಿನವೇ ಅನಾಹುತ. ಲಿಫ್ಟು ಓಡಿಸುವ ಅಯ್ಯಾಸಾಮಿ ಎರಡನೆಯ ಮಹಡಿಯಲ್ಲಿ ಹಿಡಿಯ ಕೈಬಿಟ್ಟ. ಪೆಟ್ಟಿಗೆ ನಿಲ್ಲಬೇಕಾದಲ್ಲಿ ನಿಲ್ಲದೆ ಗೇಣುದ್ದ ಕೆಳಕ್ಕೆ ಜಾರಿ ನಿಂತಿತು. ಹೊಲಿಗೆ ಅಂಗಡಿಯ ಕಲೈಸೆಲ್ವಿ ಎಡವಿ ಬಿದ್ದು ಮೊಣಕಾಲು ಒಡೆದುಕೊಂಡಳು.

ಎಲ್ಲರೂ ಮೊದಲಾಳಿ ಎನ್ನುವ ಕಟ್ಟಡದ ಒಡೆಯ ನವನೀತನ್ ಇಂಥದ್ದೊಂದು ನೆಪಕ್ಕೇ ಕಾದಿದ್ದ. ಅವನಿಗೆ ಗಾಜಿನ ಡಬ್ಬಾ ಬೇಕಿತ್ತು. ಮರುದಿನವೇ ಒಂದು ಕಂಪನಿಯ ಇಂಜಿನಿಯರನ್ನು ಕರೆಸಿ, ಅವನು ಬೇಡವೆಂದರೆ ಹಳೆಯ ಲಿಫ್ಟು ಗುಜರಿಗೆ ಎಂದ.

ಲಿಂಗಸಾಮಿ ಎಲ್ಲರೆದುರು ಎದೆ ಸೆಟೆದು ನಿಂತ. "ಮಿಷಿನ್ ಮೇಲೆ ತಪ್ಪು ಹೊರಿಸ್ಬೇಡಿ ಮೊದಲಾಳಿ. ತಪ್ಪು ಆಳಿಂದು. ಇವ್ನು ಹಿಡಿ ಬಿಡೋದು ತಡ ಮಾಡಿದಾನೆ. ಆಳು ಬದಲಾಯ್ಸಿ, ಲಿಫ್ಟನ್ನಲ್ಲ."

ಇಪ್ಪತ್ತು ವರ್ಷ ಅದೇ ಪೆಟ್ಟಿಗೆಯಲ್ಲಿ ನಿಂತಿದ್ದ ಅಯ್ಯಾಸಾಮಿಯ ಮುಖ ಸಣ್ಣದಾಯಿತು. ನವನೀತನ್ ಅವನತ್ತ ತಿರುಗಿಯೂ ನೋಡದೆ, ನಾಳೆಯಿಂದ ಬರಬೇಡ ಎಂದುಬಿಟ್ಟ. ಲಿಂಗಸಾಮಿಗೆ ಅಯ್ಯೋ ಅನ್ನಿಸಲಿಲ್ಲ. ಲಿಫ್ಟು ಉಳಿದರೆ ಸಾಕಿತ್ತು.

ಇಂಜಿನಿಯರನ ಹೆಸರು ವಾದೀಶ. ಇಸ್ತ್ರಿ ಅಂಗಿ, ಹೆಗಲಲ್ಲಿ ಲ್ಯಾಪ್‌ಟಾಪು. ಲಿಂಗಸಾಮಿ ಸೊಂಟದ ಬೀಗದಕೈಯಿಂದ ತಾರಸಿಯ ಕೋಣೆ ತೆಗೆದು, ಇವನಿಗೆ ನಟ್ಟು ಯಾವುದು ಬೋಲ್ಟು ಯಾವುದು ಗೊತ್ತಿದ್ದರೆ ಹೆಚ್ಚು ಎಂದು ಕನ್ನಡದಲ್ಲಿ ಗೊಣಗಿದ.

"ಅಣ್ಣಾ, ನೀವು ನಮ್ಮ ಮಾತಾಡೋರಾ? ನಮ್ಮನೇಲೂ ಕನ್ನಡವೇ" ಎಂದು ಹುಡುಗ ಹಿಗ್ಗಿದ.

"ಕನ್ನಡ ಮಾತಾಡಿದ್ರೆ ಬ್ರೇಕು ಹಿಡೀತದಾ ತಂಬಿ? ಕೆಲ್ಸ ನೋಡು."

ವಾದೀಶ ಲ್ಯಾಪ್‌ಟಾಪನ್ನು ಬದಿಗಿಟ್ಟು ಮೊಬೈಲ್ ಟಾರ್ಚ್ ಹಿಡಿದು ಬಗ್ಗಿದ. "ಬ್ರೇಕ್ ಡ್ರಮ್ ಮೇಲೆ ಜಿಡ್ಡಿದೆ ಅಣ್ಣಾ. ಹಳದಿ ಬಣ್ಣ... ಗಂಧ ಅನ್ಸ್ತದೆ."

ಲಿಂಗಸಾಮಿಗೆ ರಕ್ತ ತಲೆಗೇರಿತು. ಬ್ರೇಕಿನ ಡ್ರಮ್ಮಿಗೆ ಪೂಜೆಯೆ! ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಅಯ್ಯಾಸಾಮಿಯ ಮೇಲೆ ಹರಿಹಾಯ್ದ. "ಮಡೆಯಾ! ಯಾವನು ಹೇಳಿದ್ದು ನಿಂಗೆ ಅಲ್ಲಿ ಹಚ್ಚು ಅಂತ?"

"ಅಣ್ಣೇ, ಸತ್ಯಮಾ ನಾನ್ ಇಲ್ಲೆ" ಎಂದು ಆಣೆಯಿಟ್ಟು ಅಲ್ಲಗಳೆದ ಅಯ್ಯಾಸಾಮಿ. "ಚಾವಿ ಉಂಗಕಿಟ್ಟೆ ತಾನೆ ಇರುಕ್ಕು?"

ಚಾವಿ ಇರುವುದು ತನ್ನ ಬಳಿಯೇ ಎಂಬುದು ಲಿಂಗಸಾಮಿಗೆ ನಿಧಾನವಾಗಿ ಹೊಳೆಯಿತು. ಬಗ್ಗಿ ನೋಡಿದ. ಕಣ್ಣಿಗೆ ಹೊಗೆಯಂಥ ಬೂದು ಬಣ್ಣ ಬಿಟ್ಟರೆ ಏನೂ ಕಾಣಲಿಲ್ಲ. ಬೆರಳಿನಿಂದ ಸವರಿ ಮೂಗಿಗೆ ಹಿಡಿದ. ಗಂಧ, ಅದರ ಕೆಳಗೆ ಹರಳೆಣ್ಣೆ.

"ಅಂಚಲ್ಲಿ ಅಳಿಸದೆ ಉಳಿದಿದೆ ಅಣ್ಣಾ," ವಾದೀಶ ಇನ್ನೂ ಟಾರ್ಚ್ ಹಿಡಿದಿದ್ದ. "ಮೂರು ಪಟ್ಟೆ. ಎರಡು ಉದ್ದ. ಮೂರನೇದು ಮಾತ್ರ ಗಿಡ್ಡ, ಯಾಕೋ."

ಲಿಂಗಸಾಮಿ ಬಲಗೈಯನ್ನು ಬೆನ್ನ ಹಿಂದೆ ಎಳೆದುಕೊಂಡ. ಪಂಚೆಯ ತುದಿಯಿಂದ ಒಮ್ಮೆ ಒರೆಸಿದರೆ ಮುಗಿಯಿತು. ಲಿಫ್ಟು ಉಳಿಯುತ್ತದೆ, ಹೆಸರು ಉಳಿಯುತ್ತದೆ, ಅಯ್ಯಾಸಾಮಿ ಹೋಗುತ್ತಾನೆ. ಕಣ್ಣಿಲ್ಲದವನು ಬ್ರೇಕು ನೋಡುತ್ತಿದ್ದಾನೆಂದು ತಿಳಿದರೆ ನಾಳೆಯಿಂದ ಈ ಕೋಣೆಗೆ ತನ್ನನ್ನು ಯಾರು ಬಿಡುತ್ತಾರೆ? ಜೀವನದಲ್ಲಿ ಇಷ್ಟು ಜನರನ್ನು ಕೀಳಾಗಿ ಕಂಡಿದ್ದರೂ ಈ ಗಳಿಗೆಯಲ್ಲಿ ತನ್ನನ್ನು ಕಂಡಷ್ಟು ಕೀಳಾಗಿ ಯಾರನ್ನೂ ಕಂಡಿರಲಿಲ್ಲ.

ಒರೆಸಲಿಲ್ಲ. ನವನೀತನನ್ನು ಮೇಲಕ್ಕೆ ಕರೆಸಿ, ಡ್ರಮ್ಮಿನ ಪಕ್ಕಕ್ಕೆ ತನ್ನ ಮೊಂಡು ಬೆರಳನ್ನು ಹಿಡಿದು ತೋರಿಸಿದ.

"ನಾನೇ ಹಚ್ಚಿದ್ದು ಮೊದಲಾಳಿ. ಮೋಟಾರ್ ಕವಚ ಅಂದ್ಕೊಂಡು ಇಲ್ಲಿ ಎಳೆದ್ಬಿಟ್ಟೆ. ಕಣ್ಣು ಕಾಣಲ್ಲ ನಂಗೆ."

ನವನೀತನ್ ಅತ್ತಿತ್ತ ನೋಡಿದ. "ಹೋಗಲಿ ಬಿಡಿ ಲಿಂಗಣ್ಣಾ. ಅಯ್ಯಾಸಾಮಿನ ಹೇಗೂ ಕಳಿಸಿ ಆಯ್ತಲ್ಲ. ಮಾತು ಹೊರಗೆ ಹೋದ್ರೆ ನನ್ ಮೇಲೇ ಕೇಸು, ಬೇಡ."

"ಅವನ್ನ ಯಾಕೆ ಕಳಿಸ್ತೀರಿ?" ಲಿಂಗಸಾಮಿ ಸಿಡಿದ. "ಆಳು ಬದಲಾಯ್ಸಿ ಅಂದೆ ತಾನೆ? ಯಾವ ಆಳು ಅಂತ ಈಗ ತಿಳೀತು. ಅವ್ನು ಇರ್ತಾನೆ. ಕಲೈಸೆಲ್ವಿ ಹತ್ರ ಹೋಗಿ ನಾನೇ ಮಾಫಿ ಕೇಳ್ತೀನಿ."

ಆಮೇಲೆ ಬೀಗದಕೈ ಬಿಚ್ಚಿ ವಾದೀಶನ ಕೈಗೆ ತುರುಕಿದ. ಹಳೆಯ ಟ್ರಂಕಿನಿಂದ ಬ್ರೇಕಿನ ಹೊಸ ಲೈನಿಂಗು ತೆಗೆಸಿ, ಡ್ರಮ್ಮನ್ನು ಸೀಮೆಎಣ್ಣೆಯಲ್ಲಿ ತೊಳೆಸಿ, ಒಣಬಟ್ಟೆಯಲ್ಲಿ ಒರೆಸಿಸಿದ. ಎರಡು ಗಂಟೆ ಹೊತ್ತು ಒಂದೇ ಸಮನೆ ಬೈದ.

"ಹಂಗಲ್ಲ, ಕೈಯಲ್ಲಿ ಮುಟ್ಟಿ ನೋಡು. ಕಂಪ್ಯೂಟರ್‌ನ ಕೇಳ್ಬೇಡ. ಕಾಲೇಜಲ್ಲಿ ಏನು ಕಲಿಸ್ತಾರೋ, ಎಲ್ಲಾ ದಂಡ."

"ಶರಿ ಅಣ್ಣಾ" ಎನ್ನುತ್ತ ಹುಡುಗ ಇಸ್ತ್ರಿ ಅಂಗಿಯ ತುಂಬ ಮಸಿ ಮಾಡಿಕೊಂಡ. ಮುಗಿಸಿದ ಮೇಲೆ, ಈ ಲಿಫ್ಟು ತೆಗೆಯುವ ಅಗತ್ಯವಿಲ್ಲ ಎಂದು ತನ್ನ ಕಂಪನಿಗೆ ಬರೆದು ಕಳಿಸಿದ. ಲಿಂಗಸಾಮಿ ಅದಕ್ಕೂ ಮೂಗು ಮುರಿದ. ಅಷ್ಟು ಹೇಳಲು ಇಂಜಿನಿಯರು ಬೇಕಿತ್ತೇ?

ಕೆಳಗಿಳಿಯಲು ಅಯ್ಯಾಸಾಮಿ ಜಾಲರಿ ಬಾಗಿಲು ಎಳೆದು ಹಿಡಿದು ನಿಂತಿದ್ದ. ನಲವತ್ತೊಂದು ವರ್ಷದಲ್ಲಿ ಲಿಂಗಸಾಮಿ ಕೈಯಲ್ಲಿ ಸ್ಪ್ಯಾನರಿಲ್ಲದೆ ಆ ಪೆಟ್ಟಿಗೆಯೊಳಗೆ ನಿಂತದ್ದು ಅದೇ ಮೊದಲು. ನೆಲಮಹಡಿಯಲ್ಲಿ ಅಯ್ಯಾಸಾಮಿ ಹಿಡಿಯ ಕೈಬಿಟ್ಟ. ಮೇಲೆ ಬ್ರೇಕು ಕಚ್ಚಿಕೊಂಡ ಸದ್ದು ಕೇಳಿಸಿತು.

ಬಾಗಿಲು ತೆರೆದರೂ ಲಿಂಗಸಾಮಿ ಹೊರಗೆ ಹೋಗಲಿಲ್ಲ. ಚಪ್ಪಲಿ ಬಿಟ್ಟು, ಬರಿಗಾಲನ್ನು ಹೊಸ್ತಿಲಿನ ಮೇಲೆ ಮೆಲ್ಲಗೆ ಆಡಿಸಿ ತಡವಿ ನೋಡಿದ. ಪೆಟ್ಟಿಗೆಯೂ ನೆಲವೂ ಸಮವಾಗಿದ್ದವು.